ಕಲ್ಲಿದ್ದಲ ಒಲೆ ಆರಿಸಿದರೆ ಇಂಗಾಲ ಎಷ್ಟು ಇಳಿಯುತ್ತದೆ? ಹಿಂದೂಪುರ ಭಾಗದ ಕಂಬಿ ಕಾರ್ಖಾನೆಯ ಒಂದು ಪ್ರಕರಣ ಅಧ್ಯಯನ

ಗೌರಿಬಿದನೂರು ದಾಟಿ ಹಿಂದೂಪುರದ ದಾರಿ ಹಿಡಿದರೆ, ಗಡಿ ಕಳೆಯುತ್ತಿದ್ದಂತೆ ತೂಮುಕುಂಟ ಕೈಗಾರಿಕಾ ಪ್ರದೇಶ ಸಿಗುತ್ತದೆ. ಜಿಲ್ಲೆ ಆಂಧ್ರದ ಶ್ರೀ ಸತ್ಯಸಾಯಿ, ಅಂಗಡಿ ಬೀದಿಯಲ್ಲಿ ಕನ್ನಡ ಮತ್ತು ತೆಲುಗು ಎರಡೂ ನಡೆಯುತ್ತವೆ. ಈ ಭಾಗದ ಕಂಬಿ ಕಾರ್ಖಾನೆಗೆ ಗುಜರಿ ಬರುವುದು ಬೆಂಗಳೂರಿನ ಕಡೆಯಿಂದ, ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಕಬ್ಬಿಣ ಮಾಡಿದ್ದು) ಬಳ್ಳಾರಿಯ ಕಡೆಯಿಂದ. ಉಕ್ಕಿನ ಇಂಗಾಲ ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ದೊಡ್ಡ ಬ್ಲಾಸ್ಟ್ ಫರ್ನೇಸು, ಹೈಡ್ರೋಜನ್ನು. ಆದರೆ ಈ ಕ್ಷೇತ್ರಕ್ಕೆ ಕಾಲಿಡುವ ನಮ್ಮ ಕಡೆಯ ಎಂಜಿನಿಯರಿಗೆ ಮೊದಲ ಕೆಲಸ ಸಿಗುವ ಸಾಧ್ಯತೆ ಹೆಚ್ಚಿರುವುದು ಕರೆಂಟಿನಿಂದ ಉಕ್ಕು ಕರಗಿಸುವ ಇಂಡಕ್ಷನ್ ಫರ್ನೇಸೂ ಕಂಬಿ ಎಳೆಯುವ ರೋಲಿಂಗ್ ಮಿಲ್ಲೂ ಒಂದೇ ಕಾಂಪೌಂಡಿನಲ್ಲಿರುವ ಇಂಥ ಘಟಕದಲ್ಲಿ. ಇಲ್ಲಿ ಕೊಟ್ಟಿರುವ ಅಂಕಿಗಳು ಯಾವುದೇ ಒಂದು ಕಾರ್ಖಾನೆಯ ದಫ್ತರದವಲ್ಲ. ಈ ಗಾತ್ರದ ಘಟಕಕ್ಕೆ ಹೊಂದುವ ಅಂಕಿಗಳನ್ನಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹಾಕಿದ ಲೆಕ್ಕ.

ಘಟಕ ಹೀಗಿದೆ. 12 ಟನ್ನಿನ ಎರಡು ಇಂಡಕ್ಷನ್ ಕುಲುಮೆ, ಎರಡಕ್ಕೂ ಬೇರೆ ಬೇರೆ 5 ಮೆಗಾವಾಟ್ ಪ್ಯಾನೆಲ್. ಒಂದು ಹೀಟಿಗೆ (ಒಂದು ಸಲ ತುಂಬಿ ಕರಗಿಸಿ ಇಳಿಸುವುದಕ್ಕೆ) ಎರಡು ಗಂಟೆ, ಅಂದರೆ ಗಂಟೆಗೊಂದು ಹೀಟ್ ಇಳಿಯುತ್ತದೆ. ದ್ರವ ಉಕ್ಕನ್ನು ಎರಡು ಸಾಲಿನಲ್ಲಿ ಎರೆದು ಗಟ್ಟಿ ಮಾಡುವ, ಎರಡು ಸ್ಟ್ರ್ಯಾಂಡಿನ ಕ್ಯಾಸ್ಟರಿನಲ್ಲಿ 100 ಮಿ.ಮೀ. ಚೌಕದ, 6 ಮೀಟರ್ ಉದ್ದದ ಬಿಲ್ಲೆಟ್, ಅಂದರೆ ಕಂಬಿಯಾಗಬೇಕಾದ ಉಕ್ಕಿನ ದಿಮ್ಮಿ, ಆಗುತ್ತದೆ. ಒಂದರ ತೂಕ ಸುಮಾರು 470 ಕೆ.ಜಿ. ದಿನಕ್ಕೆ 280 ಟನ್ ಬಿಲ್ಲೆಟ್, 270 ಟನ್ ಕಂಬಿ. ಬಿಲ್ಲೆಟ್ ಅಂಗಳದಲ್ಲಿ ತಣ್ಣಗಾಗುತ್ತದೆ, ಮರುದಿನ ಪುಡಿ ಕಲ್ಲಿದ್ದಲು ಉರಿಸುವ ರೀಹೀಟಿಂಗ್ ಫರ್ನೇಸಿನಲ್ಲಿ 1,150ರಿಂದ 1,200 ಡಿಗ್ರಿಗೆ ಕಾಯುತ್ತದೆ, ಹತ್ತು ಗಂಟೆಯ ಒಂದು ಓಟದಲ್ಲಿ ಅಷ್ಟನ್ನೂ ಮಿಲ್ ಎಳೆದು ಮುಗಿಸುತ್ತದೆ.

ಮಾಲೀಕರ ಮುಂದೆ ಎರಡು ವಿಷಯ ಒಟ್ಟಿಗೆ ಬಂದಿವೆ. ಒಂದು, ಕಲ್ಲಿದ್ದಲ ಬಿಲ್ಲು. ಇನ್ನೊಂದು, ದೊಡ್ಡ ಗುತ್ತಿಗೆದಾರರು ಕೇಳತೊಡಗಿರುವ ನಕ್ಷತ್ರ. ಕೇಂದ್ರ ಉಕ್ಕು ಸಚಿವಾಲಯ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕಿನ ವರ್ಗೀಕರಣ ಪ್ರಕಟಿಸಿತು. ಒಂದು ಟನ್ ಸಿದ್ಧ ಉಕ್ಕಿಗೆ ಇಂಗಾಲದ ಡೈಆಕ್ಸೈಡ್ 2.2 ಟನ್ನಿಗಿಂತ ಕಡಿಮೆ ಇದ್ದರೆ ಮಾತ್ರ ಅದು ಹಸಿರು, 2.0ರಿಂದ 2.2ರ ನಡುವೆ ಮೂರು ನಕ್ಷತ್ರ, 1.6ರಿಂದ 2.0ರ ನಡುವೆ ನಾಲ್ಕು, 1.6ಕ್ಕಿಂತ ಕೆಳಗೆ ಐದು. ಅಳತೆ ಮತ್ತು ಪ್ರಮಾಣಪತ್ರದ ಹೊಣೆ ರಾಷ್ಟ್ರೀಯ ದ್ವಿತೀಯಕ ಉಕ್ಕು ತಂತ್ರಜ್ಞಾನ ಸಂಸ್ಥೆಯದು. ಮಾಲೀಕರ ಆಲೋಚನೆ ಸರಳ: ಹೊಗೆ ಕಾಣುವುದು ರೀಹೀಟಿಂಗ್ ಚಿಮಣಿಯಲ್ಲಿ, ಬಿಲ್ಲೆಟನ್ನು ಬಿಸಿಯಾಗಿದ್ದಾಗಲೇ ಮಿಲ್ಲಿಗೆ ಕೊಟ್ಟು ಆ ಒಲೆ ಆರಿಸಿದರೆ ಬಿಲ್ಲೂ ಇಳಿಯುತ್ತದೆ, ನಕ್ಷತ್ರವೂ ಬರುತ್ತದೆ. ಎಂಜಿನಿಯರಿಗೆ ಒಪ್ಪಿಸಿದ ಕೆಲಸ ಅದು.

ಒಲೆ ಮುಟ್ಟುವ ಮುಂಚಿನ ಲೆಕ್ಕ

ಒಂದು ಟನ್ ಕಂಬಿಗೆ ಏನೇನು ಒಳಗೆ ಹೋಗುತ್ತದೆ ಎಂಬುದನ್ನು ತೂಕದ ಕಾಂಟಾ ಚೀಟಿಯಿಂದಲೇ ಹಿಡಿಯಬೇಕು. ಕುಲುಮೆಗೆ ತುಂಬುವ ಚಾರ್ಜಿನಲ್ಲಿ ಅರ್ಧ ಸ್ಪಾಂಜ್, ಅರ್ಧ ಗುಜರಿ ಎಂದಿಟ್ಟುಕೊಳ್ಳಿ. ಸ್ಪಾಂಜಿನಲ್ಲಿರುವ ಕಲ್ಲಿನಂಶ ಮತ್ತು ಆಕ್ಸೈಡಿನಿಂದಾಗಿ ಚಾರ್ಜಿನ ಶೇ 88ರಷ್ಟೇ ದ್ರವ ಉಕ್ಕಾಗುತ್ತದೆ. ದ್ರವದಿಂದ ಬಿಲ್ಲೆಟಿಗೆ ಶೇ 97, ಬಿಲ್ಲೆಟಿನಿಂದ ಕಂಬಿಗೆ ಶೇ 96. ಮೂರನ್ನೂ ಗುಣಿಸಿದರೆ ಟನ್ ಕಂಬಿಗೆ 1.22 ಟನ್ ಚಾರ್ಜ್ ಬೇಕು. ಅದರಲ್ಲಿ ಸ್ಪಾಂಜ್ 610 ಕೆ.ಜಿ.

ಕಲ್ಲಿದ್ದಲಿನ ರೋಟರಿ ಕಿಲ್ನ್‌ನಲ್ಲಿ ಆದ ಸ್ಪಾಂಜ್ ಟನ್ನಿಗೆ 2 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊತ್ತೇ ಗೇಟಿನೊಳಗೆ ಬರುತ್ತದೆ. 2.2 ಎಂದು ಹಿಡಿದರೆ ಇದೊಂದರದ್ದೇ 1,342 ಕೆ.ಜಿ. ಕರೆಂಟು: ಕರಗಿಸಲು ದ್ರವದ ಟನ್ನಿಗೆ 680 ಯೂನಿಟ್, ಅದು ಕಂಬಿಯ ಟನ್ನಿಗೆ 730, ರೋಲಿಂಗ್ 90, ಕ್ಯಾಸ್ಟರ್ ಮತ್ತು ಪಂಪುಗಳು 50. ಒಟ್ಟು 870 ಯೂನಿಟ್. ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸುಮಾರು 0.72 ಕೆ.ಜಿ.ಯಂತೆ 626 ಕೆ.ಜಿ. ರೀಹೀಟಿಂಗ್ ಕಲ್ಲಿದ್ದಲು ಟನ್ನಿಗೆ 60 ಕೆ.ಜಿ.; ಕೆ.ಜಿ.ಗೆ 6,000 ಕಿಲೋಕ್ಯಾಲರಿಯ ಕಲ್ಲಿದ್ದಲು ಉರಿದರೆ 2.37 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುವುದರಿಂದ 142 ಕೆ.ಜಿ. ಉಕ್ಕಿಗೆ ಬೆರೆಸುವ ಸಿಲಿಕೊ ಮ್ಯಾಂಗನೀಸು, ಡೀಸೆಲು, ಸಣ್ಣಪುಟ್ಟದ್ದಕ್ಕೆ 40. ಕೂಡಿದರೆ 2,150 ಕೆ.ಜಿ. ಅಂದರೆ 2.15 ಟನ್, ಮೂರು ನಕ್ಷತ್ರದೊಳಗೆ ಕಷ್ಟಪಟ್ಟು ನುಸುಳಿದ ಸ್ಥಿತಿ.

ಕಣ್ಣಿಗೆ ಕಾಣುವ ಹೊಗೆ ಒಟ್ಟಿನಲ್ಲಿ ಶೇ 7 ಕೂಡ ಇಲ್ಲ. ಹಾಗಂತ ಆ ಒಲೆಯನ್ನು ಕೈಬಿಡುವಂತಿಲ್ಲ: ಅದು ಪೂರ್ತಿ ಕಾರ್ಖಾನೆಯ ಕೈಯಲ್ಲೇ ಇರುವ ಭಾಗ, ಹಣ ಬೇಗ ಮರಳುವ ಭಾಗ. ಆದರೆ ಈ ಹಾಳೆಯನ್ನು ಮೊದಲ ದಿನವೇ ಮಾಲೀಕರ ಮೇಜಿನ ಮೇಲಿಡಬೇಕು. ಇಡದಿದ್ದರೆ ಒಲೆ ಆರಿಸಿದ ಮೇಲೆ ನಕ್ಷತ್ರ ಬರಲಿಲ್ಲವೇಕೆ ಎಂಬ ಪ್ರಶ್ನೆ ಎಂಜಿನಿಯರಿನ ಕೊರಳಿಗೆ ಬೀಳುತ್ತದೆ.

ಇಲ್ಲಿ ಮೋಸ ಮಾಡುವ ಅಂಕಿ ಕಲ್ಲಿದ್ದಲಿನದು. ಸ್ಟೋರಿನ ಪುಸ್ತಕ ಹೇಳುವುದು ಲಾರಿಯಿಂದಿಳಿದ ತೂಕ. ಮಳೆಗೆ ನೆನೆದ ರಾಶಿ ಮತ್ತು ಒಣಗಿದ ರಾಶಿಯ ನಡುವೆ ತೇವಾಂಶದ್ದೇ ವ್ಯತ್ಯಾಸ ದೊಡ್ಡದು. ಕಲ್ಲಿದ್ದಲು ಪುಡಿ ಮಾಡುವ ಪಲ್ವರೈಸರಿನ ಬಾಯಲ್ಲಿ ವಾರವಿಡೀ ತೂಗಿ, ಅದೇ ರಾಶಿಯ ಮಾದರಿಗೆ ತೇವಾಂಶ, ಬೂದಿ, ಕ್ಯಾಲರಿ ಪರೀಕ್ಷೆ ಮಾಡಿಸಿದ ಅಂಕಿಯನ್ನು ಮಾತ್ರ ನಂಬಬೇಕು. ಕರೆಂಟಿಗೂ ಹಾಗೆಯೇ, ಕುಲುಮೆ, ಮಿಲ್, ಪಂಪ್‌ಹೌಸ್ ಮೂರಕ್ಕೂ ಬೇರೆ ಮೀಟರ್ ಇಲ್ಲದ ಕಡೆ ಉಳಿತಾಯದ ಮಾತೇ ಆಡಬಾರದು.

ಅರವತ್ತು ಮೀಟರಿನ ದಾರಿ

ಬಿಲ್ಲೆಟ್ ಕ್ಯಾಸ್ಟರಿನಿಂದ ಹೊರಬರುವಾಗ ಮೇಲ್ಮೈ 1,000 ಡಿಗ್ರಿಯ ಆಸುಪಾಸು, ಒಡಲು ಅದಕ್ಕಿಂತ ಬಿಸಿ. ಮಿಲ್ಲಿನ ಮೊದಲ ಸ್ಟ್ಯಾಂಡಿಗೆ, ಅಂದರೆ ಮೊದಲ ಜೋಡಿ ರೋಲುಗಳಿಗೆ, ಅದು 950ಕ್ಕಿಂತ ಕೆಳಗಿಳಿಯದೆ ಮುಟ್ಟಬೇಕು. 900ರ ಹತ್ತಿರ ಬಂದ ಬಿಲ್ಲೆಟ್ ಕೊಟ್ಟರೆ ಮೋಟಾರಿನ ಲೋಡ್ ಏರಿ ಟ್ರಿಪ್ ಆಗುತ್ತದೆ, ಇಲ್ಲವೇ ಕಪ್ಲಿಂಗ್ ಮುರಿಯುತ್ತದೆ, ಅದೂ ಇಲ್ಲದಿದ್ದರೆ ರೋಲೇ ಒಡೆಯುತ್ತದೆ. ಹಾಗಾಗಿ ಇಡೀ ಯೋಜನೆ ಸೆಕೆಂಡುಗಳ ಲೆಕ್ಕ.

100 ಮಿ.ಮೀ. ಬಿಲ್ಲೆಟ್ 1,000 ಡಿಗ್ರಿಯಲ್ಲಿ ಚದರ ಮೀಟರಿಗೆ ಸುಮಾರು 120 ಕಿಲೋವಾಟ್ ಶಾಖ ಚೆಲ್ಲುತ್ತದೆ. ಮೀಟರ್ ಉದ್ದದ ತುಂಡಿನ ತೂಕ 78 ಕೆ.ಜಿ. ಎಂದು ಹಿಡಿದು ಲೆಕ್ಕ ಹಾಕಿದರೆ ಬಯಲಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತದೆ. ಕತ್ತರಿಯಿಂದ ಮೊದಲ ಸ್ಟ್ಯಾಂಡಿಗೆ 60 ಮೀಟರ್ ಇದ್ದು, ಹಳೆಯ ರೋಲರ್ ಟೇಬಲ್ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಎರಡು ನಿಮಿಷ, 110 ಡಿಗ್ರಿ ಹೋಯಿತು. ವೇರಿಯಬಲ್ ಡ್ರೈವ್ ಹಾಕಿ ಸೆಕೆಂಡಿಗೆ 2 ಮೀಟರ್ ಮಾಡಿದರೆ ಅರ್ಧ ನಿಮಿಷ, 30 ಡಿಗ್ರಿಯೊಳಗೆ ಮುಗಿಯುತ್ತದೆ. ದಾರಿಯಲ್ಲಿ ಲಂಬಕೋನದ ತಿರುವಿದ್ದರೆ ಅಡ್ಡ ತಳ್ಳುವ ಪುಷರ್ ತೆಗೆದುಕೊಳ್ಳುವ ಹೊತ್ತನ್ನೂ ಸೇರಿಸಬೇಕು. ಶೆಡ್ಡಿನ ಒಂದು ಕಂಬ ಕಿತ್ತು ನೇರ ದಾರಿ ಮಾಡುವುದು ಹೊಸ ಯಂತ್ರ ತರುವುದಕ್ಕಿಂತ ಅಗ್ಗವಾಗಿ ಬೀಳಬಹುದು.

ಆದರೆ ಬಹಳ ಮಂದಿ ಗಮನಿಸದ ನಷ್ಟ ಕತ್ತರಿಗೂ ಮುಂಚೆಯೇ ಆಗಿರುತ್ತದೆ. ಸ್ಟ್ರ್ಯಾಂಡ್ ನಿಮಿಷಕ್ಕೆ 3 ಮೀಟರ್ ಬರುತ್ತಿದೆ. 6 ಮೀಟರ್ ಅಳತೆಗೆ ಕತ್ತರಿ ಬೀಳುವಷ್ಟರಲ್ಲಿ ಬಿಲ್ಲೆಟಿನ ಮುಂದಲೆ ಹಿಂದಲೆಗಿಂತ ಎರಡು ನಿಮಿಷ ಹೆಚ್ಚು ಬಯಲಲ್ಲಿರುತ್ತದೆ. ಒಂದೇ ತುಂಡಿನ ಎರಡು ತುದಿಗೆ ನೂರು ಡಿಗ್ರಿಯ ಅಂತರ! ಟೇಬಲ್ ಎಷ್ಟೇ ವೇಗವಾಗಿ ಓಡಿದರೂ ಇದು ಪೂರ್ತಿ ಸರಿಹೋಗದು. ಆದ್ದರಿಂದ ಸೆರಾಮಿಕ್ ಫೈಬರ್ ಒಳಪದರದ ಮುಚ್ಚಳವನ್ನು ಮೊದಲು ಹಾಕಬೇಕಾದದ್ದು ಬಿಲ್ಲೆಟನ್ನು ನೆಟ್ಟಗೆ ಮಾಡುವ ಸ್ಟ್ರೇಟ್ನರಿನಿಂದ ಕತ್ತರಿಯವರೆಗಿನ ಭಾಗಕ್ಕೆ, ಟೇಬಲ್ಲಿನದು ಆಮೇಲೆ. ಗ್ಯಾಸ್ ಕಟ್ಟರ್ ಇದ್ದರೆ ಅದನ್ನು ತೆಗೆದು ಹೈಡ್ರಾಲಿಕ್ ಕತ್ತರಿ ಹಾಕಿದರೆ ಕತ್ತರಿಸುವ ಹೊತ್ತೂ ಉಳಿಯುತ್ತದೆ, ಜ್ವಾಲೆಗೆ ಕರಗಿ ಹೋಗುವ ಉಕ್ಕೂ ಉಳಿಯುತ್ತದೆ. ತುಂಡನ್ನು 3 ಮೀಟರಿಗೆ ಇಳಿಸಿದರೆ ತಲೆ-ಬಾಲದ ಅಂತರ ಅರ್ಧವಾಗುತ್ತದೆ, ಆದರೆ ತುದಿ ಕತ್ತರಿಸಿ ಎಸೆಯುವ ಪಾಲು ದುಪ್ಪಟ್ಟಾಗುತ್ತದೆ. ಆ ವ್ಯಾಪಾರ ಲಾಭದ್ದಲ್ಲ.

ಹಾಗಾದರೆ ಕ್ಯಾಸ್ಟಿಂಗ್ ವೇಗ ಹೆಚ್ಚಿಸಬಾರದೇ? ಅದಕ್ಕೆ ಮಿತಿಯಿದೆ. ಗಟ್ಟಿಯಾಗುವ ಪದರ ನಿಮಿಷಗಳ ವರ್ಗಮೂಲಕ್ಕೆ 27 ಮಿ.ಮೀ.ನಂತೆ ಬೆಳೆಯುತ್ತದೆ. ಮೇಲ್ಮೈಯಿಂದ ನಡುವಿನವರೆಗಿನ 50 ಮಿ.ಮೀ. ಗಟ್ಟಿಯಾಗಲು 3.4 ನಿಮಿಷ ಬೇಕು. ನಿಮಿಷಕ್ಕೆ 3 ಮೀಟರಿನಲ್ಲಿ ಒಡಲು ಗಟ್ಟಿಯಾಗುವುದು ಅಚ್ಚಿನಿಂದ ಹತ್ತು ಮೀಟರ್ ದೂರದಲ್ಲಿ, 4 ಮೀಟರಿನಲ್ಲಿ ಹದಿನಾಲ್ಕು ಮೀಟರಿನ ಹತ್ತಿರ. ಕತ್ತರಿ ಅದಕ್ಕಿಂತ ಮುಂಚೆ ಇದ್ದರೆ ಒಳಗಿನ ದ್ರವ ಉಕ್ಕು ಹೊರಗೆ ಚಿಮ್ಮುತ್ತದೆ, ಕತ್ತರಿಯ ಹತ್ತಿರ ನಿಂತವರ ಮೇಲೆ. ಯಾವ ಇಂಗಾಲದ ಗುರಿಯೂ ಆ ಅಪಾಯಕ್ಕೆ ಸಮವಲ್ಲ. ಕತ್ತರಿಯನ್ನು ದೂರಕ್ಕೆ ಸರಿಸದೆ ವೇಗ ಮುಟ್ಟಬಾರದು.

ಇದಕ್ಕೆ ಅಂಟಿಕೊಂಡೇ ನೀರಿನ ವಿಷಯ ಬರುತ್ತದೆ. ಬಿಲ್ಲೆಟ್ ಬಿಸಿ ಉಳಿಯಲೆಂದು ಸ್ಪ್ರೇ ನೀರು ಇಳಿಸುವುದು ಮೊದಲು ಹೊಳೆಯುವ ಉಪಾಯ. ಕೊನೆಯ ವಲಯದಲ್ಲಿ ಇಳಿಸಬಹುದು. ಅಚ್ಚಿನ ಕೆಳಗಿನ ಮೊದಲ ವಲಯವನ್ನು ಎಂದೂ ಮುಟ್ಟಬಾರದು, ಅಲ್ಲಿ ಪದರ ತೆಳು, ಒಡೆದು ಉಕ್ಕು ಸೋರುತ್ತದೆ. ಈ ಸೀಮೆಯ ಕೊಳವೆಬಾವಿ ನೀರು ಗಡುಸು. ಸಾಫ್ಟ್‌ನರ್ ಮತ್ತು ಫಿಲ್ಟರ್ ಸರಿಯಿಲ್ಲದಿದ್ದರೆ ನಾಜಲ್ಲುಗಳಲ್ಲಿ ಸುಣ್ಣ ಕಟ್ಟುತ್ತದೆ. ನಾಲ್ಕು ಮುಖದಲ್ಲಿ ಒಂದಕ್ಕೆ ನೀರು ಕಡಿಮೆಯಾದರೆ ಚೌಕ ವಾಲುತ್ತದೆ. ತಣ್ಣಗಾದ ಬಿಲ್ಲೆಟಾದರೆ ಅಂಗಳದಲ್ಲಿ ಕಣ್ಣಿಗೆ ಬೀಳುತ್ತಿತ್ತು, ಬದಿಗಿಡಬಹುದಿತ್ತು. ಬಿಸಿಯಾಗಿ ನೇರ ಹೋದಾಗ ನೋಡುವವರಿಲ್ಲ. ಕರ್ಣಗಳ ವ್ಯತ್ಯಾಸ ಐದಾರು ಮಿ.ಮೀ. ದಾಟಿದ ತುಂಡು ಗೈಡಿನಲ್ಲಿ ತಿರುಚಿಕೊಂಡು ಕಾಬಲ್ ಆಗುತ್ತದೆ, ಅಂದರೆ ಮಿಲ್ಲಿನಲ್ಲಿ ಸಿಕ್ಕಿಬೀಳುತ್ತದೆ, ಅದರ ಹಿಂದಿನ ನಾಲ್ಕಾರು ಬಿಲ್ಲೆಟ್ ಟೇಬಲ್ ಮೇಲೇ ತಣ್ಣಗಾಗುತ್ತವೆ. ಹೀಗಾಗಿ ಪ್ರತಿ ಕ್ಯಾಸ್ಟಿಂಗಿನ ನಡುವೆ ನಾಜಲ್ ನೋಡುವುದು ಇಲ್ಲಿ ಇಂಗಾಲದ ಕೆಲಸವೇ.

ಹೀಟುಗಳನ್ನು ಜೋಡಿಸುವುದು

ಎರಡು ಸ್ಟ್ರ್ಯಾಂಡ್ ಸೇರಿ ಗಂಟೆಗೆ 28 ಟನ್ ಬರುತ್ತದೆ. 12 ಟನ್ನಿನ ಒಂದು ಹೀಟ್ 26 ನಿಮಿಷಕ್ಕೆ ಮುಗಿಯುತ್ತದೆ. ಇನ್ನು 34 ನಿಮಿಷ ಮಿಲ್ ಖಾಲಿ ತಿರುಗುತ್ತದೆ. ಮೊದಲು ಹತ್ತು ಗಂಟೆಯಲ್ಲಿ ಮುಗಿಯುತ್ತಿದ್ದ ರೋಲಿಂಗ್ ಈಗ ಹಗಲು ರಾತ್ರಿ. ಒಂದು ಪಾಳಿಯ ಮಿಲ್ ತಂಡದ ಜಾಗದಲ್ಲಿ ಮೂರು ಪಾಳಿಯ ತಂಡ ಬೇಕು, ಅದರ ಸಂಬಳವನ್ನು ಉಳಿತಾಯದ ಲೆಕ್ಕದೊಳಗೇ ಬರೆಯಬೇಕು. ಇದನ್ನು ಬಚ್ಚಿಟ್ಟ ಯೋಜನಾ ವರದಿ ಆರು ತಿಂಗಳೂ ಬಾಳುವುದಿಲ್ಲ.

ಇನ್ನೊಂದು ತೊಡಕು ಮೊದಲ ಮತ್ತು ಕೊನೆಯ ತುಂಡು. ಕ್ಯಾಸ್ಟಿಂಗ್ ಶುರುವಾದಾಗ, ಅಚ್ಚಿನ ತಳ ಮುಚ್ಚಿ ಮೊದಲ ಉಕ್ಕನ್ನು ಎಳೆದು ತರುವ ಡಮ್ಮಿ ಬಾರ್ ಹಿಂದೆ ನಿಧಾನವಾಗಿ ಬರುವ ಬಿಲ್ಲೆಟ್ ತಣ್ಣಗಿರುತ್ತದೆ, ಕೊನೆಯದೂ ಹಾಗೆಯೇ. ಸ್ಟ್ರ್ಯಾಂಡಿಗೆ ಎರಡರಂತೆ ನಾಲ್ಕು. ಒಂದು ಹೀಟಿಗೆ ಸುಮಾರು 25 ಬಿಲ್ಲೆಟ್ ಆದ್ದರಿಂದ ಶೇ 16 ನೇರ ರೋಲಿಂಗಿಗೆ ಒದಗುವುದಿಲ್ಲ. ಪರಿಹಾರ, ಎರಡು ಕುಲುಮೆಯ ಹೀಟುಗಳನ್ನು ಗಂಟೆಯ ಬದಲು 25 ನಿಮಿಷದ ಅಂತರದಲ್ಲಿ ಇಳಿಸಿ, ಒಂದೇ ಟಂಡಿಷ್ಷಿನಲ್ಲಿ (ಅಚ್ಚುಗಳಿಗೆ ಉಕ್ಕು ಹಂಚುವ ತೊಟ್ಟಿಯಲ್ಲಿ) ಬೆನ್ನುಬೆನ್ನಿಗೆ ಎರೆಯುವುದು. ಆಗ ಸುಮಾರು 50 ಬಿಲ್ಲೆಟಿಗೆ ನಾಲ್ಕು, ಅಂದರೆ ಶೇ 8. ಇದಕ್ಕೆ ಚೆನ್ನಾಗಿ ಕಾಯಿಸಿದ, ದ್ರವ ಉಕ್ಕು ಹೊರುವ ಎರಡನೆಯ ಲ್ಯಾಡಲ್ ಸಿದ್ಧವಿರಬೇಕು. ಮೊದಲ ಹೀಟ್ ಹತ್ತು ನಿಮಿಷ ತಡವಾದರೆ ಎರಡನೆಯದನ್ನು ಕುಲುಮೆಯಲ್ಲೇ ಹಿಡಿದಿಡಬೇಕು, ಅದಕ್ಕೆ ಕರೆಂಟು ಸುಡುತ್ತದೆ, ಕುಲುಮೆಯ ಒಳಪದರವಾದ ಸಿಲಿಕಾ ಲೈನಿಂಗ್ ಸವೆಯುತ್ತದೆ.

ಉಳಿದ ಶೇ 8ಕ್ಕಾಗಿ ರೀಹೀಟಿಂಗ್ ಫರ್ನೇಸನ್ನು ಸಣ್ಣಗೆ ಉರಿಸಿಡೋಣ ಎಂಬ ಸಲಹೆ ಬಂದೇ ಬರುತ್ತದೆ. ಒಪ್ಪಬಾರದು. ಒಲೆಯ ಗೋಡೆ ಕೇಳುವ ಶಾಖ ಒಳಗೆ ಎಷ್ಟು ಬಿಲ್ಲೆಟ್ ಇದೆ ಎಂದು ನೋಡುವುದಿಲ್ಲ. ಅರೆಬರೆ ಉರಿಸಿದ ಒಲೆ ಟನ್ನಿಗೆ ಮೊದಲಿಗಿಂತ ಹೆಚ್ಚು ಕಲ್ಲಿದ್ದಲು ತಿನ್ನುತ್ತದೆ. ಆ ಬಿಲ್ಲೆಟ್ಟುಗಳನ್ನು ಹೊರಗೆ ಮಾರುವುದೇ ಲೇಸು.

ಚಳಿಗಾಲದ ರಾತ್ರಿ ಪಾಳಿಗೆ, ಮಿಲ್ ನಡುವೆ ನಿಂತು ಹೊರಟಾಗಿನ ಹೊತ್ತಿಗೆ ಸ್ಟ್ಯಾಂಡಿನ ಮುಂದೆ ಒಂದು ಇಂಡಕ್ಷನ್ ಹೀಟರ್ ಇರಬೇಕು. ನೂರು ಡಿಗ್ರಿ ಏರಿಸಲು ಟನ್ನಿಗೆ ಸಿದ್ಧಾಂತದ ಲೆಕ್ಕದಲ್ಲಿ 18 ಯೂನಿಟ್, ನಿಜದಲ್ಲಿ 28ರ ಸುಮಾರು. ಪ್ರತಿ ಬಿಲ್ಲೆಟಿಗೂ ಬಳಸಿದರೂ 20 ಕೆ.ಜಿ. ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲಿನ 142ರ ಮುಂದೆ ಸಣ್ಣದು. ಮಿಲ್ಲಿನ ಖಾಲಿ ಓಟಕ್ಕೆ ಇನ್ನೂ 7 ಯೂನಿಟ್ ಸೇರಿಸಿ.

ಹೀಟರ್ ಬೇಕಾದದ್ದು ರೋಲ್ ಉಳಿಸಲು ಮಾತ್ರವಲ್ಲ. ತುದಿಯಿಂದ ತುದಿಗೆ ಶಾಖ ಬದಲಾದರೆ ಕೊನೆಯ ಸ್ಟ್ಯಾಂಡಿನ ನಂತರದ ನೀರಿನ ಪೆಟ್ಟಿಗೆಯಲ್ಲಿ ಗಟ್ಟಿ ಪದರದ ದಪ್ಪವೂ ಬದಲಾಗುತ್ತದೆ. ತಣ್ಣನೆಯ ತುದಿಯ ಕಂಬಿ ಬಲ ಹೆಚ್ಚು ತೋರಿಸಿ ಎಳೆತದಲ್ಲಿ, ಅಂದರೆ ಮುರಿಯುವ ಮುಂಚೆ ಹಿಗ್ಗುವುದರಲ್ಲಿ, ಸೋಲುತ್ತದೆ. ಕಂಬಿಯ 500ಡಿ ದರ್ಜೆಗೆ ಶೇ 16 ಎಳೆತ ಬೇಕು, ಭೂಕಂಪದಲ್ಲಿ ಮನೆ ನಿಲ್ಲಿಸುವ ಗುಣ ಅದು. ನೇರ ರೋಲಿಂಗ್ ಶುರುವಾದ ಮೊದಲ ತಿಂಗಳು ಒಂದೇ ಬಿಲ್ಲೆಟಿನ ಮುಂದಲೆ, ನಡು, ಹಿಂದಲೆ ಮೂರೂ ಕಡೆಯ ತುಂಡನ್ನು ಎಳೆದು ಪರೀಕ್ಷಿಸಬೇಕು.

ಶಾಖ ಅಳೆಯುವ ಪೈರೋಮೀಟರ್ ಕೂಡ ದಾರಿ ತಪ್ಪಿಸಬಲ್ಲದು. ಬಿಲ್ಲೆಟಿನ ಮೇಲೆ ಸಡಿಲಗೊಂಡ ಆಕ್ಸೈಡಿನ ಚಕ್ಕೆ ಒಡಲಿಗಿಂತ ತಣ್ಣಗಿರುತ್ತದೆ. ಒಂದು ಕ್ಷಣದ ಓದನ್ನು ಬಿಟ್ಟು, ತುಂಡು ಹಾಯ್ದುಹೋಗುವಾಗ ಸಿಕ್ಕ ಗರಿಷ್ಠವನ್ನು ಹಿಡಿದುಕೊಳ್ಳುವಂತೆ ಉಪಕರಣವನ್ನು ಹೊಂದಿಸಬೇಕು.

2.00ಕ್ಕೆ ಬಂದು ನಿಂತಾಗ

ಒಲೆ ಆರಿದ ಮೇಲೆ ಲಾಭ ಎರಡು ಕಡೆಯಿಂದ ಬರುತ್ತದೆ. ದಿನಕ್ಕೆ 16 ಟನ್ ಕಲ್ಲಿದ್ದಲು ಉಳಿಯಿತು. ಅದಕ್ಕಿಂತ ದೊಡ್ಡದು ಚಕ್ಕೆಯಾಗಿ ಉದುರುತ್ತಿದ್ದ ಉಕ್ಕು: ರೀಹೀಟಿಂಗಿನಲ್ಲಿ ಶೇ 2 ಸುಟ್ಟುಹೋಗುತ್ತಿದ್ದದ್ದು ಶೇ 0.5ಕ್ಕೆ ಇಳಿದರೆ ದಿನಕ್ಕೆ 4.2 ಟನ್. ಕಲ್ಲಿದ್ದಲು ಟನ್ನಿಗೆ 10 ಸಾವಿರ, ಕಂಬಿ 50 ಸಾವಿರ ಎಂದಿಟ್ಟುಕೊಂಡರೆ ಮೊದಲನೆಯದು 1.6 ಲಕ್ಷ, ಎರಡನೆಯದು 2.1 ಲಕ್ಷ ರೂಪಾಯಿ. ಇಂಗಾಲದ ಹಾಳೆಯಲ್ಲಿ 142 ಹೋಗಿ, ಹೀಟರಿನದು 20, ಖಾಲಿ ಓಟದ್ದು 5 ಸೇರಿ, ಚಕ್ಕೆ ಉಳಿದದ್ದರಿಂದ ಸುಮಾರು 29 ಕಳೆದು, 2,150 ಇದ್ದದ್ದು 2,004 ಆಗುತ್ತದೆ. ನಾಲ್ಕನೆಯ ನಕ್ಷತ್ರದ ಗೆರೆಗಿಂತ ನಾಲ್ಕು ಕೆ.ಜಿ. ಹೆಚ್ಚು.

ಇಲ್ಲಿಂದ ಮುಂದೆ ಎಂಜಿನಿಯರ್ ಶೆಡ್ಡಿನಿಂದ ಖರೀದಿ ಕೋಣೆಗೆ ನಡೆಯಬೇಕು. ಚಾರ್ಜಿನಲ್ಲಿ ಸ್ಪಾಂಜನ್ನು ಶೇ 50ರಿಂದ 45ಕ್ಕೆ ಇಳಿಸಿದರೆ ಟನ್ ಕಂಬಿಗೆ 61 ಕೆ.ಜಿ. ಸ್ಪಾಂಜ್ ಕಡಿಮೆ. ಅದರದ್ದು 134, ಕರಗಿಸುವ ಕರೆಂಟು ಇಳಿದದ್ದು ಏಳೆಂಟು. ಒಟ್ಟು 140ರ ಆಸುಪಾಸು. ಕಂಬ ಕಿತ್ತು, ಕತ್ತರಿ ಬದಲಿಸಿ, ಮೂರು ಪಾಳಿ ಮಾಡಿ ಪಡೆದಷ್ಟೇ ಇಳಿಕೆ ಐದು ಶೇಕಡಾ ಗುಜರಿಯಲ್ಲಿದೆ. ಈ ಅಂಕಿಯನ್ನು ತಿಳಿದ ಮೇಲೆ ಗುಜರಿಗೆ ಟನ್ನಿಗೆ ಎಷ್ಟು ಹೆಚ್ಚು ಕೊಡಬಹುದೆಂದು ಮಾಲೀಕರೇ ಲೆಕ್ಕ ಹಾಕಬಲ್ಲರು.

ಗುಜರಿ ಹೆಚ್ಚಿದರೆ ತಾಮ್ರವೂ ಹೆಚ್ಚುತ್ತದೆ, ಅದು ಕುಲುಮೆಯಲ್ಲಿ ಹೋಗುವುದಿಲ್ಲ. ಶೇ 0.3ರ ಮೇಲೆ ಏರಿದಾಗ ಬಿಸಿಯಲ್ಲಿ ಉರುಳಿಸುವಾಗ ಮೇಲ್ಮೈ ಬಿರುಕು ಬಿಡುತ್ತದೆ, ತವರ ಸೇರಿದ್ದರೆ ಇನ್ನೂ ಮುಂಚೆಯೇ. ಅಯಸ್ಕಾಂತ ಮೋಟಾರಿನ ಆರ್ಮೇಚರನ್ನು ತಂತಿ ಸಮೇತ ಎತ್ತಿಕೊಳ್ಳುತ್ತದೆ, ಕೈಯಲ್ಲೇ ಆರಿಸಬೇಕು. ಗುಜರಿ ಆರಿಸುವವರಿಗೆ ತೂಕದ ಮೇಲೆ ಕೂಲಿ ಕೊಟ್ಟರೆ ಆರ್ಮೇಚರ್ ಒಳಗೇ ಹೋಗುತ್ತದೆ. ತೆಗೆದ ತಾಮ್ರದ ಮೇಲೆ ಕೊಟ್ಟರೆ ಹೊರಗೆ ಬರುತ್ತದೆ. ಇನ್ನೊಂದು ಕಡೆ ರಂಜಕದ ಕಾಟ ಕಡಿಮೆಯಾಗುತ್ತದೆ: ಸಿಲಿಕಾ ಲೈನಿಂಗಿನ ಇಂಡಕ್ಷನ್ ಕುಲುಮೆ ರಂಜಕ ತೆಗೆಯಲಾರದು, ಸ್ಪಾಂಜಿನೊಂದಿಗೆ ಬಂದದ್ದು ಕಂಬಿಯಲ್ಲೇ ಉಳಿಯುತ್ತದೆ, 500ಡಿಗೆ ಮಿತಿ ಶೇ 0.040. ಸ್ಪಾಂಜ್ ತಗ್ಗಿಸಿದಷ್ಟೂ ಈ ಮಿತಿಯೊಳಗೆ ನಿಲ್ಲುವುದು ಸುಲಭ.

ಕರೆಂಟಿನ ದಾರಿಯೂ ಈ ಸೀಮೆಯಲ್ಲಿ ಹತ್ತಿರದ್ದೇ. ಗಡಿಯಾಚೆ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ, ಈಚೆ ಎನ್.ಪಿ. ಕುಂಟದಲ್ಲಿಯೂ ಇದೆ, ಬಿಸಿಲಿಗೆ ಕೊರತೆಯಿಲ್ಲ. ಘಟಕದ ದಿನದ 2.35 ಲಕ್ಷ ಯೂನಿಟ್ಟಿನ ಐದನೇ ಒಂದು ಪಾಲು ಸೌರದಿಂದ ಬರಲು 11 ಮೆಗಾವಾಟಿನ ಸುಮಾರು ಬೇಕು. ಟನ್ನಿಗೆ 125 ಕೆ.ಜಿ. ಇಳಿಯುತ್ತದೆ. ಸ್ಪಾಂಜ್ ಶೇ 40ಕ್ಕೆ ಇಳಿದು ಇದೂ ಸೇರಿದರೆ ಲೆಕ್ಕ 1.6ರ ಗಡಿಗೆ ಬರುತ್ತದೆ. ಆದರೆ ಮುಕ್ತ ಪ್ರವೇಶದ (ಉತ್ಪಾದಕರಿಂದ ನೇರವಾಗಿ ಕೊಂಡು ಗ್ರಿಡ್ ಮೂಲಕ ತರುವ) ಕರೆಂಟನ್ನು 15 ನಿಮಿಷದ ತುಣುಕುಗಳಲ್ಲಿ ತಾಳೆ ನೋಡುತ್ತಾರೆ. ಬಿಲ್ಲೆಟಿಗಾಗಿ ಎರಡೂ ಹೀಟನ್ನು 25 ನಿಮಿಷದೊಳಗೆ ಇಳಿಸಿದಾಗ ಎರಡೂ ಕುಲುಮೆಯ ಲೋಡ್ ಹೆಚ್ಚುಕಡಿಮೆ ಒಟ್ಟಿಗೇ ಇಳಿಯುತ್ತದೆ, ಆ ತುಣುಕಿನ ಸೌರ ಯೂನಿಟ್ ಬಳಕೆಯಾಗದೆ ಹೋಗುತ್ತದೆ. ಹೀಟಿನ ವೇಳಾಪಟ್ಟಿ ಬರೆಯುವವರು ಮತ್ತು ಕರೆಂಟು ಕೊಳ್ಳುವವರು ಒಂದೇ ಮೇಜಿನಲ್ಲಿ ಕೂರದಿದ್ದರೆ ಒಬ್ಬರ ಉಳಿತಾಯವನ್ನು ಇನ್ನೊಬ್ಬರು ಕಳೆಯುತ್ತಾರೆ.

ಆ ಮೇಜಿನಲ್ಲಿ ಕೂರುವ ಕೆಲಸಕ್ಕೆ ಮೆಟಲರ್ಜಿ ಅಥವಾ ಮೆಕ್ಯಾನಿಕಲ್ ಓದಿದವರು ಹೊಂದುತ್ತಾರೆ, ಡಿಪ್ಲೊಮಾ ಆದವರೂ ಸರಿಯೇ. ಮೊದಲ ವರ್ಷ ಮೆಲ್ಟಿಂಗ್ ಪಾಳಿ, ಎರಡನೆಯದು ಕ್ಯಾಸ್ಟರ್ ಮತ್ತು ಮಿಲ್. ಈ ಎರಡು ಕಡೆಯ ಫೋರ್‌ಮನ್‌ಗಳ ಮಾತು ಅರ್ಥವಾಗದವರು ನಡುವಿನ ಅರವತ್ತು ಮೀಟರನ್ನು ಆಳಲಾರರು. ಅರ್ಹತೆ ಇದ್ದವರು ಇಂಧನ ದಕ್ಷತಾ ಬ್ಯೂರೋದ ಎನರ್ಜಿ ಆಡಿಟರ್ ಪರೀಕ್ಷೆ ಬರೆದಿಟ್ಟುಕೊಂಡರೆ ಮುಂದಿನ ಘಟಕಕ್ಕೆ ಹೋಗುವಾಗ ಬೆಲೆಯಿದೆ. ಹುದ್ದೆ ಕೇಳುವಾಗ ಒಂದನ್ನು ಪಟ್ಟು ಹಿಡಿದು ಕೇಳಬೇಕು: ವರದಿ ಒಪ್ಪಿಸಬೇಕಾದದ್ದು ಮಿಲ್ ಮ್ಯಾನೇಜರಿಗಲ್ಲ, ಮಾಲೀಕರಿಗೆ. ಕ್ಯಾಸ್ಟರಿನವರಿಗೆ ಬಿಲ್ಲೆಟಿನ ಟನ್ ಮೇಲೆ ಇನಾಮು, ಮಿಲ್ಲಿನವರಿಗೆ ಕಂಬಿಯ ಟನ್ ಮೇಲೆ. ಬಿಸಿಯಾಗಿ ತಲುಪಿದ ಬಿಲ್ಲೆಟಿನ ಶೇಕಡಾವಾರು ಮೇಲೆ ಇಬ್ಬರಿಗೂ ಸೇರಿ ಒಂದೇ ಇನಾಮು ಇಟ್ಟ ಮೇಲೆ, ಸ್ಟ್ಯಾಂಡ್ ತಯಾರಿದೆಯೇ ಎಂದು ಲ್ಯಾಡಲ್ ತೆರೆಯುವ ಮುಂಚೆ ಕ್ಯಾಸ್ಟರಿನವರೇ ಫೋನ್ ಮಾಡಿ ಕೇಳುತ್ತಾರೆ.

ಪ್ರಮಾಣಪತ್ರದ ದಿನ ಕೈಯಲ್ಲಿರಬೇಕಾದ ಕಾಗದವನ್ನು ಈಗಿನಿಂದಲೇ ಕೂಡಿಡಬೇಕು: ಹೀಟ್ ನಂಬರಿನೊಂದಿಗೆ ಚಾರ್ಜಿನ ತೂಕ, ಮೀಟರ್ ಓದು, ಕಲ್ಲಿದ್ದಲಿನ ಪರೀಕ್ಷೆ, ಸೌರ ಒಪ್ಪಂದದ ತಿಂಗಳ ಹಂಚಿಕೆ ಪಟ್ಟಿ. ಇವುಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸ್ಪಾಂಜ್ ಮಾರುವವರಿಂದ ಅವರ ಕಿಲ್ನ್‌ನ ಕಲ್ಲಿದ್ದಲಿನ ಅಂಕಿ ಪಡೆಯುವುದು. 2.2 ಎಂಬುದು ಲೆಕ್ಕಕ್ಕಿಟ್ಟುಕೊಂಡದ್ದು. ಕಿಲ್ನ್‌ನಿಂದ ಕಿಲ್ನ್‌ಗೆ ಅದು ಬದಲಾಗುತ್ತದೆ, ಹೊರಬರುವ ಬಿಸಿ ಗಾಳಿಯಿಂದ ಕರೆಂಟು ಮಾಡುವವರದು ಒಂದು, ಹಾಗೇ ಬಿಡುವವರದು ಇನ್ನೊಂದು. ಖರೀದಿ ಆದೇಶದಲ್ಲಿ ಮೆಟಲೈಸೇಶನ್ ಶೇಕಡಾ (ಕಬ್ಬಿಣದಲ್ಲಿ ಎಷ್ಟು ಪಾಲು ಲೋಹವಾಗಿದೆ ಎಂಬುದು) ಮತ್ತು ರಂಜಕದ ಪಕ್ಕದಲ್ಲಿ, ಟನ್ ಸ್ಪಾಂಜಿಗೆ ಉರಿಸಿದ ಕಲ್ಲಿದ್ದಲು ಎಷ್ಟು ಎಂಬ ಒಂದು ಕಾಲಂ ಸೇರಿಸಿ, ಅದು ತುಂಬಿ ಬಂದ ಲಾರಿಗೆ ಮಾತ್ರ ಕಾಂಟಾ ಚೀಟಿ ಹರಿಯುವಂತೆ ಗೇಟಿಗೆ ಹೇಳಿಡಬೇಕು.